ಸಹಾಯ ಬೇಕು: ಅಮೆರಿಕದ ಗಡಿಕೋಟೆಯ ಉಗ್ರಾಣದ ಲೆಕ್ಕ

ಎಲ್ಲರಿಗೂ ನಮಸ್ಕಾರ. ಓಹಾಯೋ ನದಿ ದಡದಲ್ಲಿದ್ದ ಫೋರ್ಟ್ ವಾಷಿಂಗ್ಟನ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಈಗ ಅಲ್ಲಿ ಸಿನ್ಸಿನಾಟಿ ಊರಿದೆ.

1790ರ ಕಾನೂನಿನಂತೆ ಸಿಪಾಯಿಗೆ ದಿನಕ್ಕೆ ಒಂದು ಪೌಂಡ್ ದನದ ಮಾಂಸ ಇಲ್ಲವೇ ಮುಕ್ಕಾಲು ಪೌಂಡ್ ಹಂದಿಮಾಂಸ, ಒಂದು ಪೌಂಡ್ ಬ್ರೆಡ್ಡು ಅಥವಾ ಹಿಟ್ಟು, ಅರ್ಧ ಗಿಲ್, ಅಂದರೆ ಸುಮಾರು 60 ಎಂಎಲ್, ರಮ್ಮೋ ವಿಸ್ಕಿಯೋ. ನೂರು ರೇಷನ್‌ಗೆ (ಒಂದು ರೇಷನ್ ಅಂದರೆ ಒಬ್ಬ ಸಿಪಾಯಿಯ ಒಂದು ದಿನದ ಪಾಲು) ಎರಡು ಪೌಂಡ್ ಸೋಪು, ಒಂದೇ ಪೌಂಡ್ ಮೇಣದಬತ್ತಿ! ಚಳಿಗಾಲದ ರಾತ್ರಿಗಳನ್ನು ಹೇಗೆ ಕಳೆದರೋ ಪಾಪ.

ಕಾಗದದ ಮೇಲೆ ಚೆನ್ನಾಗಿದೆ, ಅಲ್ವಾ? ಆದರೆ ಪೂರೈಕೆಯೆಲ್ಲ ಗುತ್ತಿಗೆದಾರರ ಕೈಯಲ್ಲಿತ್ತು. 1791ರಲ್ಲಿ ಸಾಮಾನು ಸರಿಯಾಗಿ ಬರದೆ ಜನರಲ್ ಸೇಂಟ್ ಕ್ಲೇರ್ ದಂಡು ಹೊರಡುವುದೇ ತಡವಾಯಿತು. ದಾರಿಯಲ್ಲಿ, ಹಿಂದೆ ಬರುತ್ತಿದ್ದ ಸಾಮಾನಿನ ಕಾವಲಿಗೆಂದು ಒಂದು ರೆಜಿಮೆಂಟನ್ನೇ ವಾಪಸ್ ಕಳಿಸಬೇಕಾಯಿತು. ನವೆಂಬರ್ 4ರಂದು ಅಲ್ಲಿನ ಮೂಲನಿವಾಸಿಗಳ ಕೈಯಲ್ಲಿ ಭಾರೀ ಸೋಲು.

ಈಗ ನನಗೆ ಬೇಕಾದ ಸಹಾಯ. ಕ್ವಾರ್ಟರ್‌ಮಾಸ್ಟರ್‌ಗೆ, ಅಂದರೆ ಸೇನೆಯ ಸಾಮಾನು ಸರಂಜಾಮು ನೋಡಿಕೊಳ್ಳುವ ಅಧಿಕಾರಿಗೆ, ಒಳ್ಳೆಯ ಕನ್ನಡ ಪದ ಯಾವುದು? ‘ಉಗ್ರಾಣಿ’ ಅಂದರೆ ನನಗೆ ದೇವಸ್ಥಾನದ ಅಡುಗೆಮನೆಯೇ ಕಣ್ಮುಂದೆ ಬರುತ್ತದೆ. ಸೇನೆಯಲ್ಲಿದ್ದವರು ದಯವಿಟ್ಟು ಹೇಳಿ. ಓಹಾಯೋದಲ್ಲಿರುವ ಕನ್ನಡಿಗರು ಯಾರಾದರೂ ಆ ಸೋಲು ನಡೆದ ಜಾಗದಲ್ಲಿರುವ ಫೋರ್ಟ್ ರಿಕವರಿ ಮ್ಯೂಸಿಯಂಗೆ ಹೋಗಿದ್ದರೆ, ನೀವೇ ತೆಗೆದ ಫೋಟೋ ಇದ್ದರೆ ಇಲ್ಲೇ ಹಾಕಿ. ಭಾನುವಾರದೊಳಗೆ ಸಿಕ್ಕರೆ ತುಂಬಾ ಉಪಕಾರ.