ಬೋನ್ ಮ್ಯಾರೋ ಡೋನರ್ ಕ್ಯಾಂಪ್‌ಗೆ ವಾಲಂಟಿಯರ್ ಆಗ್ತಿದೀನಿ, ಬರೋರಿಗೆ ಏನಂತ ಹೇಳ್ಲಿ?

ಹೊಸ_ವಾಲಂಟಿಯರ್:
ಮುಂದಿನ ವಾರ ನಮ್ ಕಾಲೇಜಲ್ಲಿ ಬೋನ್ ಮ್ಯಾರೋ (ಮೂಳೆ ಒಳಗೆ ರಕ್ತ ತಯಾರಾಗೋ ಮಜ್ಜೆ) ಡೋನರ್ ರಿಜಿಸ್ಟ್ರೇಷನ್ ಕ್ಯಾಂಪ್ ಇದೆ, ನಾನೂ ಹೆಸರು ಕೊಟ್ಟಿದೀನಿ, ಟೇಬಲ್ ಹತ್ರ ಬರೋರಿಗೆ ವಿಷಯ ಹೇಳೋ ಕೆಲಸ. ಈಗ್ಲೇ ಫ್ರೆಂಡ್ಸ್ ಹತ್ರ ಮಾತೆತ್ತಿದ್ರೆ ಅರ್ಧ ಜನ ಬೆನ್ನುಹುರಿಗೆ ಸೂಜಿ ಹಾಕ್ತಾರಂತೆ, ಆಮೇಲೆ ಎದ್ದು ಓಡಾಡಕ್ಕೇ ಆಗಲ್ವಂತೆ ಅಂತಾರೆ. ಇನ್ನರ್ಧ ಏನೂ ಕೇಳಲ್ಲ, ಸರಿ ಬರ್ಕೋ ನನ್ ಹೆಸ್ರು ಅಂತಾರೆ. ಹೆದರ್ಕೊಂಡಿರೋರನ್ನ ಹೇಗೆ ಒಪ್ಸೋದು? ಆದಷ್ಟು ಜಾಸ್ತಿ ಜನರನ್ನ ಸೇರಿಸ್ಬೇಕು ಅಂತ ಆಸೆ ನಂಗೆ.

ಹಳೇ_ಕ್ಯಾಂಪಿನವ್ನು:
ಹೆದರ್ಕೊಂಡೋರಿಗಿಂತ ನೀವು ಜಾಸ್ತಿ ಗಮನ ಕೊಡ್ಬೇಕಾಗಿರೋದು ಆ "ಬರ್ಕೋ" ಅನ್ನೋರಿಗೆ. ಹೆದರ್ಕೊಂಡೋರಿಗೆ ಉತ್ತರ ಇದೆ: ಬೆನ್ನುಹುರಿಗೆ ಯಾರೂ ಕೈ ಹಾಕಲ್ಲ, ಮ್ಯಾರೋ ತೆಗೆಯೋದೇ ಆದ್ರೆ ಸೊಂಟದ ಮೂಳೆ ಹಿಂಭಾಗದಿಂದ, ಅದೂ ಅನಸ್ತೇಶಿಯಾ ಕೊಟ್ಟು. ತೆಗೆದಿದ್ದು ಕೆಲವೇ ವಾರದಲ್ಲಿ ಮತ್ತೆ ಬೆಳ್ಕೊಳ್ಳತ್ತೆ. ಈಗಂತೂ ಜಾಸ್ತಿ ಡೊನೇಷನ್ ಆಗೋದು ತೋಳಿನ ರಕ್ತನಾಳದಿಂದಾನೇ, ಮೆಷಿನ್ ಸ್ಟೆಮ್ ಸೆಲ್ (ರಕ್ತ ಹುಟ್ಟಿಸೋ ಮೂಲ ಕೋಶ) ಮಾತ್ರ ಇಟ್ಕೊಂಡು ಮಿಕ್ಕಿದ್ ರಕ್ತ ವಾಪಸ್ ಕಳಿಸತ್ತೆ.

ಆದ್ರೆ ಯೋಚನೆ ಮಾಡ್ದೆ ಬರ್ಸಿದೋರು, ಮುಂದೆ ಯಾವತ್ತೋ ನಿಮ್ಮದು ಒಬ್ರಿಗೆ ಮ್ಯಾಚ್ ಆಗಿದೆ ಅಂತ ಫೋನ್ ಬಂದಾಗ ಹಿಂದೆ ಸರೀತಾರೆ. ಯಾವಾಗ ಬೇಕಾದ್ರೂ ಬೇಡ ಅನ್ನೋ ಹಕ್ಕು ಡೋನರ್‌ಗೆ ಇದೆ, ಅದನ್ನೂ ಮುಚ್ಚಿಡಬೇಡಿ. ಜೊತೆಗೆ ಇದನ್ನೂ ಹೇಳಿ: ಟ್ರಾನ್ಸ್‌ಪ್ಲಾಂಟ್‌ಗೆ (ಡೋನರ್ ಕೊಟ್ಟಿದ್ದನ್ನ ಪೇಷಂಟ್‌ಗೆ ಹಾಕೋದಕ್ಕೆ) ಮುಂಚೆ ಜೋರು ಕೀಮೋ ಕೊಟ್ಟು ಪೇಷಂಟ್‌ನ ಸ್ವಂತ ಮ್ಯಾರೋನ ನಾಶ ಮಾಡ್ತಾರೆ, ಅದು ಶುರುವಾದ್ಮೇಲೆ ಡೋನರ್ ಕೈ ಬಿಟ್ರೆ ಆ ಪೇಷಂಟ್ ಜೀವಕ್ಕೇ ಅಪಾಯ. ಇಷ್ಟು ಕೇಳಿ ಎದ್ದು ಹೋಗೋರು ಹೋಗ್ಲಿ ಬಿಡಿ, ತಡೀಬೇಡಿ.

ಕೊಟ್ಟವಳು:
ನಾನು ರಕ್ತದ ಮೂಲಕಾನೇ ಸ್ಟೆಮ್ ಸೆಲ್ ಕೊಟ್ಟಿದೀನಿ. ಒಂದು ವಿನಂತಿ, ದಯವಿಟ್ಟು ಯಾರಿಗೂ "ನೋವೇ ಇರಲ್ಲ" ಅಂತ ಹೇಳ್ಬೇಡಿ. ಮುಂಚೆ ನಾಲ್ಕೈದು ದಿನ ಜಿ-ಸಿಎಸ್‌ಎಫ್ ಅನ್ನೋ ಇಂಜೆಕ್ಷನ್ ಕೊಡ್ತಾರೆ, ಸ್ಟೆಮ್ ಸೆಲ್ ಮೂಳೆಯಿಂದ ರಕ್ತಕ್ಕೆ ಬರ್ಲಿ ಅಂತ, ಆಗ ಜ್ವರ ಬರೋ ಮುಂಚೆ ಮೈಕೈ ಹಿಡ್ಕೊಳ್ಳತ್ತಲ್ಲ ಹಾಗೆ ಸೊಂಟ ಬೆನ್ನು ಎಲ್ಲಾ ನೋಯತ್ತೆ, ತಲೆನೋವೂ ಇತ್ತು ನಂಗೆ. ಕೊಡೋ ದಿನ ಗಂಟೆಗಟ್ಲೆ ಎರಡೂ ಕೈ ಅಲ್ಲಾಡಿಸ್ದೆ ಮಲಗಿರ್ಬೇಕು. ಮುಗಿದ್ಮೇಲೆ ನೋವು ಬೇಗ ಇಳೀತು. ಇದೆಲ್ಲಾ ನಂಗೆ ರಿಜಿಸ್ಟರ್ ಆದ ದಿನಾನೇ ಒಬ್ಳು ವಾಲಂಟಿಯರ್ ಬಿಡಿಸಿ ಹೇಳಿದ್ಲು, ಅದಕ್ಕೇ ಫೋನ್ ಬಂದಾಗ ಗಾಬರಿ ಆಗ್ಲಿಲ್ಲ. ಹಾಂ, ಮನೆಯವ್ರ ಹತ್ರ ಮೊದ್ಲೇ ಮಾತಾಡೋಕೆ ಹೇಳಿ, ಎಷ್ಟೋ ಸಲ ತಡೆ ಬರೋದು ಅಲ್ಲಿಂದಾನೇ.

ಹೊಸ_ವಾಲಂಟಿಯರ್:
ಥ್ಯಾಂಕ್ಸ್ ಅಕ್ಕ, ಸರ್. ಇನ್ನೊಂದು, ಬ್ಲಡ್ ಗ್ರೂಪ್ ಒಂದೇ ಇರ್ಬೇಕಾ ಅಂತ ಎಲ್ರೂ ಕೇಳ್ತಾರೆ. ಪೇಷಂಟ್ ಮನೆಯವ್ರೇ ಯಾಕೆ ಕೊಡಲ್ಲ ಅಂತಾನೂ.

ಲ್ಯಾಬ್_ಮನುಷ್ಯ:
ಬ್ಲಡ್ ಗ್ರೂಪ್ ಬೇರೆ ಇದ್ರೂ ನಡೆಯತ್ತೆ, ಟ್ರಾನ್ಸ್‌ಪ್ಲಾಂಟ್ ಆದ್ಮೇಲೆ ಪೇಷಂಟ್ ಗ್ರೂಪೇ ನಿಧಾನಕ್ಕೆ ಡೋನರ್ ಗ್ರೂಪ್‌ಗೆ ಬದಲಾಗತ್ತೆ! ನೋಡೋದು ಎಚ್‌ಎಲ್‌ಎ, ಅಂದ್ರೆ ಸೆಲ್ಸ್ ಮೇಲಿರೋ ಗುರುತಿನ ಪ್ರೋಟೀನ್, ದೇಹ ತನ್ನದು ಯಾವ್ದು ಹೊರಗಿನದು ಯಾವ್ದು ಅಂತ ಗುರುತಿಸೋದು ಅದ್ರಿಂದ. ಅದು ಅರ್ಧ ಅಪ್ಪನಿಂದ ಅರ್ಧ ಅಮ್ಮನಿಂದ ಬರೋದ್ರಿಂದ ಒಡಹುಟ್ಟಿದ ಒಬ್ಬೊಬ್ರ ಜೊತೆ ಪೂರ್ತಿ ಮ್ಯಾಚ್ ಆಗೋ ಸಾಧ್ಯತೆ 25% ಅಷ್ಟೇ, ಅಪ್ಪ ಅಮ್ಮ ಸಾಮಾನ್ಯವಾಗಿ ಅರ್ಧ ಮ್ಯಾಚ್. ಅರ್ಧ ಮ್ಯಾಚ್‌ನಲ್ಲೂ ಈಗ ಟ್ರಾನ್ಸ್‌ಪ್ಲಾಂಟ್ ಮಾಡ್ತಾರೆ, ಆದ್ರೂ ಹೊರಗಿನವ್ರನ್ನ ಹುಡುಕೋ ಅಗತ್ಯ ತುಂಬಾ ಜನಕ್ಕೆ ಬರತ್ತೆ. ಪ್ರಪಂಚದ ಎಲ್ಲಾ ರಿಜಿಸ್ಟ್ರಿ (ಡೋನರ್‌ಗಳ ಪಟ್ಟಿ) ಸೇರಿಸಿದ್ರೆ 4 ಕೋಟಿಗಿಂತ ಜಾಸ್ತಿ ಜನ ಇದಾರೆ, ಆದ್ರೆ ಒಂದೇ ಮೂಲದ ಜನರಲ್ಲೇ ಮ್ಯಾಚ್ ಸಿಗೋ ಸಾಧ್ಯತೆ ಹೆಚ್ಚು, ಅದಕ್ಕೇ ರಿಜಿಸ್ಟ್ರಿಯಲ್ಲಿ ಕಮ್ಮಿ ಇರೋ ಸಮುದಾಯದ ಪೇಷಂಟ್‌ಗೆ ಕಷ್ಟ.

ಕ್ಯಾಂಪಲ್ಲಿ ಎಚ್‌ಎಲ್‌ಎ ಟೆಸ್ಟ್‌ಗೆ ಸ್ವ್ಯಾಬ್ (ಹತ್ತಿ ಕಡ್ಡಿಯಲ್ಲಿ ಕೆನ್ನೆ ಒಳಗಿನ ಸ್ಯಾಂಪಲ್) ತಗೊಳ್ವಾಗ ಹತ್ತಿ ತುದಿನ ಬೆರಳಲ್ಲಿ ಮುಟ್ಟೋಕೆ ಬಿಡ್ಬೇಡಿ. ಕೆನ್ನೆ ಒಳಗೆ ಹೇಳಿದಷ್ಟು ಹೊತ್ತು ಚೆನ್ನಾಗಿ ಉಜ್ಜಿಸಿ, ಸುಮ್ನೆ ಸವರಿದ್ರೆ ಸೆಲ್ಸ್ ಸಾಲಲ್ಲ. ಫಾರಂ ಮೇಲಿನ ಬಾರ್‌ಕೋಡ್, ಕವರ್ ಮೇಲಿನ ಬಾರ್‌ಕೋಡ್ ಒಂದೇನಾ ಅಂತ ಪ್ರತಿ ಸಲ ನೋಡಿ, ರಶ್ ಇದ್ದಾಗ ಅದಲು ಬದಲಾಗೋದು ಅಲ್ಲೇ.

ತಮ್ಮನಿಗಾಗಿ:
ನನ್ ತಮ್ಮನಿಗೆ ಅಪ್ಲಾಸ್ಟಿಕ್ ಅನೀಮಿಯಾ (ಮ್ಯಾರೋ ಸಾಕಷ್ಟು ರಕ್ತ ತಯಾರಿಸದೇ ಇರೋ ಕಾಯಿಲೆ), ನಂದು ಮ್ಯಾಚ್ ಆಗ್ಲಿಲ್ಲ. ರಿಜಿಸ್ಟ್ರಿಯಲ್ಲಿ ಒಬ್ರು ಸಿಕ್ರು ಅಂದ್ರು, ಮನೆಯೆಲ್ಲಾ ಅತ್ತಿದ್ವಿ ಖುಷಿಗೆ, ಆಮೇಲೆ ನೋಡಿದ್ರೆ ಅವ್ರು ಕೊಟ್ಟಿದ್ದ ನಂಬರ್ ಚಾಲ್ತಿಯಲ್ಲೇ ಇರ್ಲಿಲ್ಲ. ಅವ್ರ ಮೇಲೆ ಸಿಟ್ಟಿಲ್ಲ ನಂಗೆ, ನಂಬರ್ ಬದಲಾದ್ರೆ ತಿಳಿಸ್ಬೇಕು ಅಂತ ಅವ್ರಿಗೆ ಯಾರೂ ಹೇಳೇ ಇಲ್ವೇನೋ. ಈಗ ಮತ್ತೆ ಹುಡುಕ್ತಿದಾರೆ. ನೀವು ಪ್ರತಿಯೊಬ್ರಿಗೂ ಅದೊಂದು ಹೇಳಿ, ಮತ್ತೆ ಇನ್ನೊಬ್ಬ ಹತ್ತಿರದವ್ರ ನಂಬರ್ ಕೂಡ ಬರ್ಸ್ಕೊಳ್ಳಿ.

ಹೊಸ_ವಾಲಂಟಿಯರ್:
ಖಂಡಿತ ಅಣ್ಣ. ಫಾರಂ ಮೊದ್ಲು ಕೈಗೆ ಕೊಡೋ ಬದ್ಲು ಇದೆಲ್ಲಾ ಹೇಳಿ, ಪ್ರಶ್ನೆ ಇದ್ರೆ ಕೇಳ್ಸ್ಕೊಂಡು ಆಮೇಲೆ ಕೊಡೋಣ ಅಂತ ನಾಳೆನೇ ಕ್ಯಾಂಪ್ ನೋಡ್ಕೊಳ್ಳೋರ ಹತ್ರ ಮಾತಾಡ್ತೀನಿ. ಎರಡನೇ ನಂಬರ್‌ಗೆ ಫಾರಂನಲ್ಲಿ ಜಾಗ ಇದ್ಯಾ ಅಂತಾನೂ ನೋಡ್ತೀನಿ.