ಪದಚರ್ಚೆ: ಅಣುಬಾಂಬ್ ಸಿಡಿದ ಮೇಲೆ ಉದುರುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಆರೋಗ್ಯದ ಮಾಸಿಕವೊಂದಕ್ಕೆ ಅಣುಬಾಂಬ್ ವಿರುದ್ಧ ದನಿ ಎತ್ತಿದ ವೈದ್ಯರ ಬಗ್ಗೆ ಬರೆಯುತ್ತಿದ್ದೇನೆ. ಅದನ್ನು ಓದುವವರು ಆಶಾ ಕಾರ್ಯಕರ್ತೆಯರು, ನರ್ಸುಗಳು, ಹೈಸ್ಕೂಲ್ ಮೇಷ್ಟ್ರುಗಳು. ಬರೆಯುತ್ತಾ ಹೋದ ಹಾಗೆ ಕೆಲವು ಪದಗಳು ಕೈಕೊಟ್ಟವು. ಪಠ್ಯಪುಸ್ತಕದ ಪದ ಹಾಕಿದರೆ ಓದುವವರಿಗೆ ಅರ್ಥ ಆಗುವುದಿಲ್ಲ. ಪತ್ರಿಕೆಯ ಪದ ಹಾಕಿದರೆ ತಪ್ಪು ಅರ್ಥ ಆಗುತ್ತದೆ. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲನೆಯದೇ ಎಲ್ಲಕ್ಕಿಂತ ದೊಡ್ಡದು. ಬಾಂಬ್ ನೆಲದ ಹತ್ತಿರ ಸಿಡಿದಾಗ ಮಣ್ಣು, ಕಲ್ಲು ಎಲ್ಲ ಪುಡಿಯಾಗಿ ಮೇಲೇಳುತ್ತದೆ. ವಿಕಿರಣ ಸೂಸುವ ವಸ್ತುಗಳು ಆ ಪುಡಿಗೆ ಮೆತ್ತಿಕೊಳ್ಳುತ್ತವೆ. ಗಾಳಿ ಬೀಸಿದ ಕಡೆಗೆ ಹೋಗಿ ಅದು ಮತ್ತೆ ನೆಲಕ್ಕೆ ಉದುರುತ್ತದೆ. ದಪ್ಪ ಕಣ ಕೆಲವೇ ಗಂಟೆಗಳಲ್ಲಿ ಬೀಳುತ್ತದೆ. ಸಣ್ಣದು ವರ್ಷಗಟ್ಟಲೆ ಮೇಲೇ ಸುತ್ತಿ, ಎಲ್ಲೋ ದೂರದ ದೇಶದಲ್ಲಿ ಮಳೆಯ ಜೊತೆ ಇಳಿಯುತ್ತದೆ. ಇಂಗ್ಲಿಷಿನವರು ಫಾಲ್‌ಔಟ್ ಅನ್ನುವುದು ಇದಕ್ಕೇ. ಕನ್ನಡದಲ್ಲಿ ನಾನು ಕಂಡದ್ದು ‘ವಿಕಿರಣ ಪಾತ’, ‘ವಿಕಿರಣ ಧೂಳು’. ಒಂದೊಂದು ಕಡೆ ಸುಮ್ನೆ ‘ವಿಕಿರಣ’ ಅಂತ ಬರೆದು ಮುಂದೆ ಹೋಗಿರುತ್ತಾರೆ.

‘ವಿಕಿರಣ’ ಎಂಬ ಪದದಲ್ಲೇ ತೊಡಕಿದೆ. ಸಂಸ್ಕೃತದಲ್ಲಿ ಅದಕ್ಕೆ ಚೆಲ್ಲುವುದು, ಚದುರಿಸುವುದು ಅನ್ನುವ ಅರ್ಥ ಇದೆ. ಆದರೆ ನಮ್ಮ ಕಿವಿಗೆ ಬೀಳುವುದು ‘ಕಿರಣ’ ಮಾತ್ರ. ಸೂರ್ಯಕಿರಣ, ಕ್ಷ-ಕಿರಣ ಇದ್ದ ಹಾಗೆ ಇದೂ ಒಂದು ಬೆಳಕು ಅನ್ನಿಸುತ್ತದೆ. ಬಂತು, ಹೋಯಿತು. ಆದರೆ 1950ರ ದಶಕದಲ್ಲಿ ವೈದ್ಯರ ನಿದ್ದೆ ಕೆಡಿಸಿದ್ದು ಬೆಳಕಲ್ಲ. ಅದು ಕೈಗೆ ಮೆತ್ತುವ, ಗುಡಿಸಬಹುದಾದ, ಹಾಲಿನಲ್ಲಿ ಕುಡಿಯಬಹುದಾದ ವಸ್ತು.

1954ರ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಜಲಜನಕ ಬಾಂಬ್ ಸಿಡಿಸಿತು. ವಿಜ್ಞಾನಿಗಳ ಅಂದಾಜಿಗಿಂತ ಎರಡು ಪಟ್ಟಿಗೂ ಜಾಸ್ತಿ, 15 ಮೆಗಾಟನ್ ಶಕ್ತಿ, ಅಂದರೆ ಒಂದೂವರೆ ಕೋಟಿ ಟನ್ ಸಿಡಿಮದ್ದಿನಷ್ಟು, ಹೊರಬಂತು. ಆ ಹೊತ್ತಿಗೆ ಡೈಗೊ ಫುಕುರ್ಯು ಮಾರು ಎಂಬ ಜಪಾನಿನ ಮೀನುದೋಣಿ ಆ ಕಡೆಯ ಸಮುದ್ರದಲ್ಲಿತ್ತು. ದೋಣಿಯಲ್ಲಿ 23 ಜನ. ಸ್ವಲ್ಪ ಹೊತ್ತಿನಲ್ಲಿ ಆಕಾಶದಿಂದ ಬಿಳಿ ಪುಡಿ ಉದುರತೊಡಗಿತು. ಪುಡಿಯಾದ ಹವಳ ಅದು. ಗಾಳದ ಹಗ್ಗ ಎಳೆಯುತ್ತಿದ್ದವರ ತಲೆಗೂದಲಿಗೆ, ಕುತ್ತಿಗೆಗೆ, ಬಾಯಿಗೆ ಸೇರಿತು. ದೋಣಿಯ ಮೇಲೆ ಹೆಜ್ಜೆಗುರುತು ಮೂಡುವಷ್ಟು ಬಿತ್ತು. ಊರಿಗೆ ಮರಳುವ ಹೊತ್ತಿಗೆ ಚರ್ಮ ಸುಟ್ಟು ಕಪ್ಪಾಗಿತ್ತು, ಕೂದಲು ಕಿತ್ತು ಬರುತ್ತಿತ್ತು. ರೇಡಿಯೋ ಆಪರೇಟರ್ ಐಕಿಚಿ ಕುಬೊಯಾಮ ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಜಪಾನೀಯರು ಆ ಪುಡಿಯನ್ನು ‘ಶಿ ನೊ ಹೈ’ ಅಂದರು. ಸಾವಿನ ಬೂದಿ ಅಂತ.

ಅಲ್ಲಿಂದ ನನಗೆ ‘ಬೂದಿ’ ಹಿಡಿಸಿತು. ‘ಉದುರುಬೂದಿ’ ಅನ್ನಬಹುದಾ? ‘ಅಣುಬೂದಿ’? ‘ವಿಕಿರಣ ಬೂದಿ’? ಮೂರರಲ್ಲಿ ನನ್ನ ಒಲವು ‘ಅಣುಬೂದಿ’ ಕಡೆಗೆ. ಚಿಕ್ಕದು, ಬಾಯಿಗೆ ಸುಲಭ, ಅಣುಬಾಂಬ್ ಗೊತ್ತಿದ್ದವರಿಗೆ ತಕ್ಷಣ ಹೊಳೆಯುತ್ತದೆ.

ಆದರೆ ಎರಡು ಆಕ್ಷೇಪ ನನಗೇ ಇವೆ. ಒಂದು, ನಮ್ಮಲ್ಲಿ ಬೂದಿ ಒಳ್ಳೆಯ ವಸ್ತು. ಪಾತ್ರೆ ತಿಕ್ಕುವುದು ಬೂದಿಯಲ್ಲಿ, ಬೀಜ ಕೆಡದ ಹಾಗೆ ಇಡುವುದು ಬೂದಿಯಲ್ಲಿ, ಬದನೆ ಗಿಡಕ್ಕೆ ಹುಳ ಬಿದ್ದರೆ ಎರಚುವುದು ಬೂದಿ. ಹಣೆಗೆ ಹಚ್ಚುವ ವಿಭೂತಿಯೂ ಅದೇ. ಹೆದರಬೇಕಾದ ವಸ್ತುವಿಗೆ ನಂಬಿಕೆಯ ಹೆಸರಿಟ್ಟ ಹಾಗೆ ಆಗುತ್ತದಾ? ಎರಡು, ಬೂದಿ ಅಂದ ಕೂಡಲೇ ಕಣ್ಣಿಗೆ ಕಾಣಬೇಕು ಅನ್ನಿಸುತ್ತದೆ. ಮಳೆಯಲ್ಲಿ ಇಳಿಯುವುದು ಯಾರ ಕಣ್ಣಿಗೂ ಕಾಣುವುದಿಲ್ಲ. ಕಾಣದೆ ಇದ್ದರೆ ಇಲ್ಲ ಅಂತ ಜನ ತಿಳಿದರೆ ಅದು ಅಪಾಯ.

ಕಾಣದೆ ಇಳಿದದ್ದನ್ನು ವೈದ್ಯರು ಹೇಗೆ ಹಿಡಿದರು ಅನ್ನುವುದೇ ನನ್ನ ಲೇಖನದ ನಡುಭಾಗ. ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದಲ್ಲಿ 1958ರ ಕೊನೆಯಲ್ಲಿ ಒಂದು ಸಮೀಕ್ಷೆ ಶುರುವಾಯಿತು. ಮಕ್ಕಳ ಬಿದ್ದ ಹಾಲುಹಲ್ಲು ಕೂಡಿಸುವುದು. ಡಾ. ಲೂಯಿಸ್ ರೀಸ್ ಎಂಬ ವೈದ್ಯೆ ಮುಂದೆ ನಿಂತು ನಡೆಸಿದರು. ಜೀವವಿಜ್ಞಾನಿ ಬ್ಯಾರಿ ಕಾಮನರ್ ಜೊತೆಗಿದ್ದರು. ನಮ್ಮಲ್ಲಿ ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆಯುತ್ತಿದ್ದೆವು, ಅಲ್ವಾ? ಅಲ್ಲಿ ಮಕ್ಕಳು ಹಲ್ಲನ್ನು ದಿಂಬಿನ ಕೆಳಗಿಟ್ಟು ದುಡ್ಡಿಗೆ ಕಾಯುತ್ತಾರೆ. ಆ ದುಡ್ಡು ಬಿಟ್ಟು ಹಲ್ಲನ್ನು ಲಕೋಟೆಯಲ್ಲಿ ಹಾಕಿ ಕಳಿಸಿದರು. ಜೊತೆಗೆ ಅಪ್ಪ ಅಮ್ಮ ತುಂಬಿದ ಚೀಟಿ. ಮಗು ಹುಟ್ಟಿದ್ದು ಯಾವಾಗ, ಎಲ್ಲಿ, ಯಾವ ಹಾಲು ಕುಡಿದಿತ್ತು. ಹಲ್ಲು ಕೊಟ್ಟ ಮಗುವಿಗೆ ಒಂದು ಬ್ಯಾಡ್ಜ್ ಸಿಗುತ್ತಿತ್ತು. 1970ರ ತನಕ ಸುಮಾರು 3,20,000 ಹಲ್ಲು ಸೇರಿದವು.

ಹಲ್ಲಿನಲ್ಲಿ ಹುಡುಕಿದ್ದು ಸ್ಟ್ರಾನ್ಷಿಯಂ-90. ಬಾಂಬ್ ಪರೀಕ್ಷೆಯಿಂದಲೇ ಗಾಳಿಗೆ ಸೇರಿದ ವಸ್ತು. ಅದರ ಗುಣ ಕ್ಯಾಲ್ಸಿಯಂ ತರಹ. ಹಾಗಾಗಿ ಮೈ ಅದನ್ನು ಕ್ಯಾಲ್ಸಿಯಂ ಅಂತಲೇ ತಿಳಿದು ಮೂಳೆಗೆ, ಹಲ್ಲಿಗೆ ಸೇರಿಸಿಕೊಳ್ಳುತ್ತದೆ. ಮಳೆಯಿಂದ ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ, ಹಸುವಿನ ಹಾಲಿನಿಂದ ಮಗುವಿಗೆ. 1950ರಲ್ಲಿ ಹುಟ್ಟಿದ ಮಕ್ಕಳ ಹಲ್ಲಿಗೆ ಹೋಲಿಸಿದರೆ 1963ರಲ್ಲಿ ಹುಟ್ಟಿದವರ ಹಲ್ಲಿನಲ್ಲಿ ಸುಮಾರು 50 ಪಟ್ಟು ಜಾಸ್ತಿ ಇತ್ತು. ಮೊದಲ ಫಲಿತಾಂಶಗಳು 1961ರಲ್ಲೇ ಹೊರಬಂದಿದ್ದವು. ಗಾಳಿಯಲ್ಲಿ, ನೀರಿನಲ್ಲಿ, ಬಾಹ್ಯಾಕಾಶದಲ್ಲಿ ಬಾಂಬ್ ಪರೀಕ್ಷೆ ನಿಲ್ಲಿಸುವ ಒಪ್ಪಂದಕ್ಕೆ 1963ರ ಆಗಸ್ಟಿನಲ್ಲಿ ಸಹಿ ಬಿತ್ತು. ಅದಕ್ಕೆ ಜನರ ಒತ್ತಡ ಹುಟ್ಟಿಸಿದ್ದರಲ್ಲಿ ಈ ಹಲ್ಲುಗಳ ಪಾಲು ದೊಡ್ಡದು.

ಇಲ್ಲಿ ‘ಅರ್ಧಾಯು’ ಬರುತ್ತದೆ. ವಿಕಿರಣ ಸೂಸುವ ವಸ್ತು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ ಅಂತ. ಸ್ಟ್ರಾನ್ಷಿಯಂ-90ರದ್ದು ಸುಮಾರು 29 ವರ್ಷ. ಪದ ಚೆನ್ನಾಗಿದೆ, ಬದಲಾಯಿಸುವುದಿಲ್ಲ. 58 ವರ್ಷಕ್ಕೆ ಪೂರ್ತಿ ಹೋಗಿರುತ್ತದೆ ಅಂತ ತಿಳಿಯಬೇಡಿ, ಆಗಲೂ ಕಾಲುಭಾಗ ಉಳಿದಿರುತ್ತದೆ ಅಂತ ಒಂದು ವಾಕ್ಯ ಸೇರಿಸಿದ್ದೇನೆ.

ಎರಡನೆಯ ಪದದ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ‘ವಿಕಿರಣ ಸೋಂಕು’ ಅಂತ ಬರೆಯುವುದನ್ನು ದಯವಿಟ್ಟು ಎಲ್ಲರೂ ಬಿಡಬೇಕು. ಸೋಂಕು ಅಂದರೆ ಒಬ್ಬರಿಂದ ಒಬ್ಬರಿಗೆ ತಗಲುವಂಥದ್ದು. ಕೊರೋನಾ ಬಂದು ಹೋದ ಮೇಲಂತೂ ಆ ಪದ ಕೇಳಿದರೆ ಜನ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಹಿರೋಷಿಮಾ, ನಾಗಸಾಕಿಯಲ್ಲಿ ಬದುಕುಳಿದವರನ್ನು ಜಪಾನಿನಲ್ಲಿ ಹಿಬಾಕುಷಾ ಅನ್ನುತ್ತಾರೆ. ಅವರಿಗೆ ಹೆಣ್ಣು ಕೊಡಲಿಲ್ಲ, ಗಂಡು ಸಿಗಲಿಲ್ಲ, ಕೆಲಸ ಕೊಡಲಿಲ್ಲ. ಅವರ ರೋಗ ತಮಗೂ ತಗಲುತ್ತದೆ, ಹುಟ್ಟುವ ಮಕ್ಕಳಿಗೂ ಬರುತ್ತದೆ ಅನ್ನುವ ಭಯ. ಎಷ್ಟೋ ಜನ ತಾವು ಬಾಂಬ್ ಬಿದ್ದ ಊರಿನವರು ಅನ್ನುವುದನ್ನೇ ಮುಚ್ಚಿಟ್ಟು ಬದುಕಿದರು. ನಾವು ಒಂದು ತಪ್ಪು ಪದ ಬಳಸಿದರೆ ಅದೇ ಭಯಕ್ಕೆ ನೀರೆರೆದ ಹಾಗೆ.

ವೈದ್ಯರು ಎರಡು ಸಂಗತಿಗಳನ್ನು ಬೇರೆ ಬೇರೆ ಇಡುತ್ತಾರೆ. ವಿಕಿರಣ ಮೈಮೇಲೆ ಬೀಳುವುದು ಒಂದು. ವಿಕಿರಣ ಸೂಸುವ ವಸ್ತು ಮೈಗೆ ಮೆತ್ತುವುದು ಅಥವಾ ಒಳಗೆ ಹೋಗುವುದು ಇನ್ನೊಂದು. ಬಿಸಿಲಲ್ಲಿ ನಿಂತು ಒಳಗೆ ಬಂದರೆ ಬಿಸಿಲು ನಮ್ಮ ಜೊತೆ ಬರುವುದಿಲ್ಲ, ಕೈಗೆ ಮೆತ್ತಿದ ಮೆಣಸಿನಪುಡಿ ಮಾತ್ರ ತೊಳೆಯುವ ತನಕ ಉರಿಯುತ್ತದೆ. ಮೊದಲನೆಯದಕ್ಕೆ ‘ಒಡ್ಡಿಕೊಳ್ಳುವುದು’ ಅನ್ನುತ್ತೇವೆ. ಅದೂ ನನಗೆ ಅಷ್ಟು ಹಿಡಿಸುವುದಿಲ್ಲ. ಒಡ್ಡಿಕೊಳ್ಳುವುದು ಅಂದರೆ ತಾನಾಗಿ ಎದೆಯೊಡ್ಡಿದ ಹಾಗೆ ಕೇಳುತ್ತದೆ. ‘ವಿಕಿರಣ ತಾಗಿದವರು’ ಅಂದರೆ ಸಾಕಲ್ವಾ?

ಎರಡನೆಯದಕ್ಕೆ ‘ಮಾಲಿನ್ಯ’ ಇದೆ. ಆದರೆ ಅದು ಹೊಗೆ, ಚರಂಡಿ ನೀರಿಗೆ ಅಂಟಿಬಿಟ್ಟಿದೆ. ಯಾರಾದರೂ ‘ಮೈಲಿಗೆ’ ಸೂಚಿಸುವ ಮುಂಚೆಯೇ ಹೇಳುತ್ತೇನೆ, ಅದು ಬೇಡವೇ ಬೇಡ. ಆ ಪದ ನಮ್ಮಲ್ಲಿ ಯಾರನ್ನು ಹೊರಗಿಟ್ಟಿತು ಅನ್ನುವುದು ಎಲ್ಲರಿಗೂ ಗೊತ್ತು. ‘ಅಂಟು’ ಅಂದರೆ ಅಂಟುಜಾಡ್ಯ ನೆನಪಾಗುತ್ತದೆ. ಕೊನೆಗೆ ನನಗೆ ಅನ್ನಿಸಿದ್ದು, ಇದಕ್ಕೆ ಒಂದೇ ನಾಮಪದ ಹುಡುಕುವ ಹಟವೇ ಬೇಡ. ಮೈಗೆ ಮೆತ್ತಿತು, ನೀರಿಗೆ ಬೆರೆಯಿತು, ಮೂಳೆಗೆ ಸೇರಿತು. ಕ್ರಿಯಾಪದದಲ್ಲೇ ಕನ್ನಡ ಇದನ್ನು ಸಲೀಸಾಗಿ ಹೇಳುತ್ತದೆ. 2009ರ ನವೆಂಬರಿನಲ್ಲಿ ಕಾರವಾರದ ಹತ್ತಿರದ ಕೈಗಾ ಅಣುವಿದ್ಯುತ್ ಸ್ಥಾವರದ ನೌಕರರು ಕುಡಿಯುವ ನೀರಿನ ಕೂಲರಿಗೆ, ವಿಕಿರಣ ಸೂಸುವ ಟ್ರಿಟಿಯಂ ಇದ್ದ ಭಾರಜಲ (ರಿಯಾಕ್ಟರಿನಲ್ಲಿ ಬಳಸುವ ನೀರು) ಸೇರಿತ್ತಲ್ಲ, ಆಗ ಮಾತೆಲ್ಲ ‘ವಿಕಿರಣ ಸೋರಿಕೆ’ ಅಂತಲೇ ಓಡಾಡಿತು. ‘ಕುಡಿಯುವ ನೀರಿಗೆ ಟ್ರಿಟಿಯಂ ಬೆರೆಯಿತು’ ಅಂದಿದ್ದರೆ ಏನಾಯಿತು ಅಂತ ಎಲ್ಲರಿಗೂ ನೇರವಾಗಿ ತಿಳಿಯುತ್ತಿತ್ತು.

ಮೂರನೆಯದು ‘ಅಣ್ವಸ್ತ್ರ’. ಅಣು, ಪರಮಾಣು ಜಗಳಕ್ಕೆ ನಾನು ಹೋಗುವುದಿಲ್ಲ. ಪಠ್ಯಪುಸ್ತಕದ ಲೆಕ್ಕದಲ್ಲಿ ಪರಮಾಣು ಅನ್ನುವುದೇ ಸರಿ, ಆದರೆ ಅಣುಬಾಂಬ್ ಜನರ ಬಾಯಲ್ಲಿ ನಿಂತಾಗಿದೆ. ನನ್ನ ತಕರಾರು ‘ಅಸ್ತ್ರ’ದ ಮೇಲೆ. ಯಕ್ಷಗಾನ ನೋಡಿದವರಿಗೆ ಗೊತ್ತು. ಆಗ್ನೇಯಾಸ್ತ್ರ ಬಿಟ್ಟರೆ ವಾರುಣಾಸ್ತ್ರ ಬರುತ್ತದೆ, ಸರ್ಪಾಸ್ತ್ರಕ್ಕೆ ಗರುಡಾಸ್ತ್ರ. ಪ್ರತಿ ಅಸ್ತ್ರಕ್ಕೂ ಒಂದು ಪ್ರತ್ಯಸ್ತ್ರ. ಮಂತ್ರ ಬಲ್ಲವನು ಬಿಟ್ಟ ಅಸ್ತ್ರವನ್ನು ಹಿಂದಕ್ಕೂ ಕರೆಯಬಲ್ಲ. ವೈದ್ಯರು ಹೇಳಿದ್ದು ಇದಕ್ಕೆ ತದ್ವಿರುದ್ಧ. ಬಾಸ್ಟನ್ನಿನ ವೈದ್ಯರು 1961ರಲ್ಲಿ ಒಂದು ಸಂಘ ಕಟ್ಟಿದರು. ಮರುವರ್ಷ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಲೆಕ್ಕ ಹಾಕಿ ತೋರಿಸಿದರು. ತಮ್ಮ ಊರಿನ ಮೇಲೆ ಬಾಂಬ್ ಬಿದ್ದರೆ ಆಸ್ಪತ್ರೆಗಳೂ ಇರುವುದಿಲ್ಲ, ವೈದ್ಯರಲ್ಲೂ ಹೆಚ್ಚಿನವರು ಇರುವುದಿಲ್ಲ, ಉಳಿದವರು ಗಾಯಾಳುಗಳ ಸಂಖ್ಯೆಗೆ ಯಾವ ಮೂಲೆಗೂ ಸಾಲುವುದಿಲ್ಲ ಅಂತ. ಹಿರೋಷಿಮಾದಲ್ಲಿ ಆದದ್ದೂ ಅದೇ. ಊರಿನ ವೈದ್ಯರು, ನರ್ಸುಗಳಲ್ಲಿ ಬಹುಪಾಲು ಜನ ಸತ್ತಿದ್ದರು ಇಲ್ಲವೇ ಗಾಯಗೊಂಡಿದ್ದರು. ಪ್ರತ್ಯಸ್ತ್ರವೂ ಇಲ್ಲ, ಚಿಕಿತ್ಸೆಯೂ ಇಲ್ಲ ಅನ್ನುವುದೇ ಅವರ ಮಾತಿನ ತಿರುಳು. ಅದಕ್ಕೇ ನಾನು ಲೇಖನದ ಉದ್ದಕ್ಕೂ ‘ಅಣುಬಾಂಬ್’ ಅಂತಲೇ ಇಟ್ಟಿದ್ದೇನೆ.

ಇದರ ಜೊತೆಗೇ ಬರುವುದು ಒಂದು ಸಂಸ್ಥೆಯ ಹೆಸರು. ಇಂಗ್ಲಿಷಿನಲ್ಲಿ ಇಂಟರ್‌ನ್ಯಾಷನಲ್ ಫಿಸಿಷಿಯನ್ಸ್ ಫಾರ್ ದ ಪ್ರಿವೆನ್ಷನ್ ಆಫ್ ನ್ಯೂಕ್ಲಿಯರ್ ವಾರ್. 1980ರಲ್ಲಿ ಅಮೆರಿಕದ ಬರ್ನಾರ್ಡ್ ಲೌನ್, ಸೋವಿಯತ್ ಒಕ್ಕೂಟದ ಯೆವ್ಗೆನಿ ಚಾಜೋವ್ ಸೇರಿ ಕಟ್ಟಿದ್ದು. ಇಬ್ಬರೂ ಹೃದ್ರೋಗ ತಜ್ಞರು. 1985ರಲ್ಲಿ ಸಂಸ್ಥೆಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅಣುಬಾಂಬ್‌ಗಳನ್ನೇ ಇಲ್ಲವಾಗಿಸಲು ಅದೇ ಸಂಸ್ಥೆ 2007ರಲ್ಲಿ ಹುಟ್ಟುಹಾಕಿದ ಐಕ್ಯಾನ್ ಎಂಬ ಅಭಿಯಾನಕ್ಕೆ 2017ರಲ್ಲಿ ಮತ್ತೊಂದು ನೊಬೆಲ್. ನಮ್ಮ ದೇಶದಲ್ಲೂ ಅದರ ಅಂಗಸಂಸ್ಥೆ ಇದೆ. ಕನ್ನಡದಲ್ಲಿ ‘ಅಣುಯುದ್ಧ ವಿರೋಧಿ ವೈದ್ಯರು’ ಅಂತ ಬರೆದರೆ ಸಲೀಸು. ಆದರೆ ಅವರು ಹೆಸರಿನಲ್ಲಿ ಇಟ್ಟುಕೊಂಡದ್ದು ವಿರೋಧ ಅಲ್ಲ, ತಡೆ. ಮದ್ದಿಲ್ಲದ ರೋಗಕ್ಕೆ ಬರದ ಹಾಗೆ ತಡೆಯುವುದೊಂದೇ ದಾರಿ ಅನ್ನುವ ವೈದ್ಯರ ಮಾತು ಅದು. ‘ಅಣುಯುದ್ಧ ತಡೆಗಾಗಿ ಅಂತರರಾಷ್ಟ್ರೀಯ ವೈದ್ಯರ ಸಂಘಟನೆ’ ಅಂತ ಇಟ್ಟಿದ್ದೇನೆ. ಉದ್ದವಾಯಿತು, ಆದರೂ ಅದೇ ಇರಲಿ ಅನ್ನಿಸುತ್ತದೆ.

‘ಮದ್ದು’ ಅಂದೆನಲ್ಲ, ಅದೂ ಒಂದು ಕಥೆ. ನಮ್ಮಲ್ಲಿ ಮದ್ದು ಕಾಯಿಲೆಗೂ ಹೌದು, ಮದ್ದುಗುಂಡಿಗೂ ಹೌದು. ಕರಾವಳಿಯಲ್ಲಿ ತೋಟಕ್ಕೆ ಸಿಂಪಡಿಸುವುದನ್ನೂ ‘ಮದ್ದು ಬಿಡುವುದು’ ಅನ್ನುತ್ತಾರೆ. ಬಯಲುಸೀಮೆಯಲ್ಲಿ ‘ಔಷಧಿ ಹೊಡೆಯುವುದು’. ಆಸ್ಪತ್ರೆಗೆ ರಾತ್ರಿ ಓಡಿ ಬಂದವರು ‘ಔಷಧಿ ಕುಡಿದುಬಿಟ್ಟಿದ್ದಾನೆ ಡಾಕ್ಟ್ರೇ’ ಅಂದರೆ ಅದು ಕೀಟನಾಶಕ ಅಂತ ಅಲ್ಲಿನ ನರ್ಸಿಗೆ ಹೇಳಬೇಕಾಗಿಲ್ಲ. ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯ ಪಡ್ರೆ ಗ್ರಾಮದಲ್ಲಿ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ನರದ ತೊಂದರೆ, ಕ್ಯಾನ್ಸರ್, ಬುದ್ಧಿಮಾಂದ್ಯ ಇಷ್ಟೊಂದು ಯಾಕೆ ಅಂತ ಕೇಳತೊಡಗಿದರು. ಆ ಸುತ್ತಿನ ಸರ್ಕಾರಿ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಉದುರುತ್ತಿದ್ದ ಎಂಡೋಸಲ್ಫಾನ್ ಎಂಬ ಕೀಟನಾಶಕದ ಕಡೆಗೆ ಬೆರಳು ತೋರಿಸಿದರು. ಅಲ್ಲಿ ಸಿಂಪಡಣೆ ನಿಂತದ್ದು 2000ದ ಹೊತ್ತಿಗೆ. ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ನಿಷೇಧ ಹಾಕಿದ್ದು 2011ರ ಮೇನಲ್ಲಿ. ಆಕಾಶದಿಂದ ಉದುರಿದ್ದು ನೀರಿಗೆ, ಮೈಗೆ ಸೇರುವ ಈ ದಾರಿ ಕನ್ನಡ ಮಾತಾಡುವವರ ಅಂಗಳದಲ್ಲೇ ಆದದ್ದು. ಹಾಗಾಗಿ ಲೇಖನದಲ್ಲಿ ಅದನ್ನೂ ಸೇರಿಸಿದ್ದೇನೆ. ಅಲ್ಲಿ ನಾನು ‘ಮದ್ದು’, ‘ಔಷಧಿ’ ಎರಡನ್ನೂ ಬಿಟ್ಟು ‘ವಿಷ ಸಿಂಪಡಣೆ’ ಅಂತ ಬರೆದಿದ್ದೇನೆ. ರೈತರ ಮನಸ್ಸಿಗೆ ನೋವಾಗುತ್ತದೆ, ‘ಕೀಟನಾಶಕ’ ಅಂದರೆ ಸಾಕು ಅಂತ ಸಂಪಾದಕರು ಹೇಳುತ್ತಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ತೋಟದಲ್ಲಿ ಸಿಂಪಡಿಸುವವರೇ ಮೊದಲು ಕಾಯಿಲೆ ಬೀಳುವವರು, ಅವರಿಗೆ ಅದು ವಿಷ ಅಂತ ತಿಳಿಯಲೇಬೇಕು.

ಈಗ ನಿಮ್ಮಿಂದ ಬೇಕಾದದ್ದು ಇಷ್ಟು. ‘ಅಣುಬೂದಿ’ಯೋ ‘ವಿಕಿರಣ ಧೂಳೋ’, ಇಲ್ಲ ಇನ್ನೂ ಒಳ್ಳೆಯದು ಇದೆಯೋ? ಹಳೆಯ ಪತ್ರಿಕೆಗಳಲ್ಲಿ, 1950-60ರ ದಶಕದ ಬರಹಗಳಲ್ಲಿ ಈ ಅರ್ಥಕ್ಕೆ ಯಾವ ಪದ ಕಂಡಿದ್ದೀರಿ? ‘ತಾಗಿದವರು’ ನಿಮ್ಮ ಕಡೆ ಬೇರೆ ಅರ್ಥ ಕೊಡುತ್ತದಾ? ಕಾರವಾರ, ಮಲ್ಲಾಪುರದ ಕಡೆಯವರು, ಪುತ್ತೂರು, ಕಾಸರಗೋಡಿನ ಕಡೆಯವರು ಯಾರಾದರೂ ಇದ್ದರೆ, ಮನೆಯಲ್ಲಿ, ಅಂಗಡಿಯಲ್ಲಿ ಈ ಸಂಗತಿಗಳಿಗೆ ಜನ ಏನನ್ನುತ್ತಾರೆ ಅಂತ ಹಾಗೇ ಬರೆದು ಕಳಿಸಿ. ವ್ಯಾಕರಣ ತಿದ್ದುವುದು ಬೇಡ, ಕೇಳಿದ ಹಾಗೇ ಬೇಕು. ತಿಂಗಳ ಕೊನೆಗೆ ಲೇಖನ ಅಚ್ಚಿಗೆ ಹೋಗುತ್ತದೆ.