ಎಬಿ1 ಫೈಲ್ ಬಂದಿದೆ, ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ?

ಕೇಳಿದ್ದು: ಎಂಎಸ್ಸಿ ವಿದ್ಯಾರ್ಥಿನಿ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ತುಂಗಾ ಹೊಳೆಯ ಮೀನುಗಳ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಆರು ಮೀನುಗಳ ಸಿಒಐ ಜೀನನ್ನು (ಜಾತಿ ಗುರುತಿಸಲು ಬಾರ್‌ಕೋಡ್ ಥರ ಬಳಸುವ ಜೀನ್) ಪಿಸಿಆರ್ ಮಾಡಿ, ಅಂದರೆ ನಕಲು ಹೆಚ್ಚಿಸಿಕೊಂಡು, ಸೀಕ್ವೆನ್ಸಿಂಗ್‌ಗೆ (ಡಿಎನ್‌ಎ ಅಕ್ಷರ ಓದಿಸಲು) ಹೊರಗೆ ಕಳಿಸಿದ್ದೆವು. ನಿನ್ನೆ ಮೇಲ್‌ನಲ್ಲಿ 12 ಎಬಿ1 ಫೈಲ್ (ಯಂತ್ರ ಓದಿದ್ದರ ಗ್ರಾಫ್ ಇರುವ ಫೈಲ್) ಬಂದವು. ಒಂದು ತುದಿಯಿಂದ ಓದಿದ ಫಾರ್ವರ್ಡ್ ಆರು, ಇನ್ನೊಂದು ತುದಿಯಿಂದ ಓದಿದ ರಿವರ್ಸ್ ಆರು. ಮುಂದೇನು ಮಾಡಬೇಕೋ ಗೊತ್ತಿಲ್ಲ. ನನ್ನದು 4 ಜಿಬಿ ರ‍್ಯಾಮ್‌ನ ವಿಂಡೋಸ್ ಲ್ಯಾಪ್‌ಟಾಪ್. ಹಾಸ್ಟೆಲ್‌ನಲ್ಲಿ ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಆಗುವುದಿಲ್ಲ. ನೀವೆಲ್ಲ ಏನು ಬಳಸಿದ್ದೀರಿ? ಎಲ್ಲಿ ಎಡವಿದಿರಿ ಅನ್ನುವುದನ್ನೂ ಹೇಳಿ.

ಉತ್ತರ: ಮೀನಿನ ಬಾರ್‌ಕೋಡಿಂಗ್ ಮಾಡಿದವರು

ನೋಡಮ್ಮ, 4 ಜಿಬಿ ಧಾರಾಳ ಆಯಿತು. ನಿಮ್ಮ ಹತ್ತಿರ ಇರುವುದು ಸುಮಾರು 650 ಬೇಸ್‌ನ (ಡಿಎನ್‌ಎ ಅಕ್ಷರದ) ಆರು ತುಂಡು, ಇಡೀ ಜೀನೋಮ್ ಅಲ್ಲ. ಬಯೋಎಡಿಟ್ ಮತ್ತು ಮೆಗಾ ಎರಡಿದ್ದರೆ ಸಾಕು. ಎರಡೂ ಉಚಿತ. ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಬೇಡ. ಬಯೋಎಡಿಟ್‌ಗೆ ಹೊಸ ಆವೃತ್ತಿ ಬಂದು ಎಷ್ಟೋ ವರ್ಷ ಆಯಿತು, ಮುಖ ನೋಡಿದರೆ ಹಳೇ ಕಾಲದ್ದು ಅಂತ ಗೊತ್ತಾಗುತ್ತದೆ. ಆದರೆ ಎಬಿ1 ತೆರೆದು ನೋಡುವುದಕ್ಕೆ ನನಗೆ ಇವತ್ತಿಗೂ ಅದೇ ಕೈಗೆ ಬರುವುದು.

ಸಾಫ್ಟ್‌ವೇರ್ ಯಾವುದೇ ಇರಲಿ, ಮೊದಲು ಪೀಕ್‌ಗಳನ್ನು, ಅಂದರೆ ಗ್ರಾಫ್‌ನಲ್ಲಿ ಒಂದೊಂದು ಬೇಸ್‌ಗೂ ಏಳುವ ಬಣ್ಣದ ಗುಡ್ಡಗಳನ್ನು, ಕಣ್ಣಿಂದ ನೋಡಿ. ಎಬಿ1 ಜೊತೆ ಬರೀ ಅಕ್ಷರಗಳ ಟೆಕ್ಸ್ಟ್ ಫೈಲೂ ಬಂದಿರುತ್ತದಲ್ಲ, ನಾನು ಮೊದಲ ಸಲ ಅದನ್ನೇ ನಂಬಿ ಕೂತಿದ್ದೆ. ಆಮೇಲೆ ಎಬಿ1 ತೆರೆದೆ. ಹಸಿರು ಎ, ಕೆಂಪು ಟಿ, ನೀಲಿ ಸಿ, ಕಪ್ಪು ಜಿ. ಮೊದಲ 30–40 ಬೇಸ್ ಪೂರಾ ಗೋಜಲು, ಒಂದರ ಮೇಲೊಂದು ಬಿದ್ದಿವೆ. ಅಲ್ಲಿಂದ ಮುಂದೆ ಬೇಲಿಯ ಗೂಟದ ಹಾಗೆ ಚೊಕ್ಕವಾಗಿ ಸಾಲು. ಕೊನೆಗೆ ಬರುತ್ತಾ ಬರುತ್ತಾ ಗೂಟ ಅಗಲವಾಗಿ, ಗಿಡ್ಡವಾಗಿ, ಒಂದಕ್ಕೊಂದು ಅಂಟಿಕೊಂಡಿವೆ. ಟೆಕ್ಸ್ಟ್ ಫೈಲ್‌ನಲ್ಲಿ ಮಾತ್ರ ಮೂರೂ ಕಡೆ ಒಂದೇ ಥರದ ಅಕ್ಷರ! ಎರಡೂ ತುದಿ ಕತ್ತರಿಸಿ. ಕೊನೆಯಲ್ಲಿ ಎದುರಿನ ಪ್ರೈಮರ್ (ಪಿಸಿಆರ್ ಶುರುಮಾಡಲು ಹಾಕುವ ಡಿಎನ್‌ಎ ತುಣುಕು) ಸೇರಿದ್ದರೆ ಅದನ್ನೂ ತೆಗೆಯಿರಿ. ಅದು ನೀವು ಕೊಂಡು ಹಾಕಿದ್ದು, ಮೀನಿನದ್ದಲ್ಲ.

ರಿವರ್ಸ್ ಫೈಲನ್ನು ಹಾಗೇ ಜೋಡಿಸಬೇಡಿ, ರಿವರ್ಸ್ ಕಾಂಪ್ಲಿಮೆಂಟ್ ಮಾಡಿಕೊಳ್ಳಿ, ಅಂದರೆ ಹಿಂದುಮುಂದು ತಿರುಗಿಸಿ ಎ–ಟಿ, ಸಿ–ಜಿ ಅದಲುಬದಲು ಮಾಡಿ. ಒಂದರಲ್ಲಿ ಎನ್ (ಯಾವ ಬೇಸ್ ಅಂತ ಗೊತ್ತಾಗಲಿಲ್ಲ) ಅಂತ ಬಂದ ಜಾಗ ಇನ್ನೊಂದರಲ್ಲಿ ಸ್ಪಷ್ಟ ಇರುತ್ತದೆ. ಎರಡೂ ಕಡೆಯಿಂದ ಓದಿಸುವುದೇ ಅದಕ್ಕೆ.

ಇನ್ನು ನನ್ನ ಎರಡು ದಿನ ನಿದ್ದೆ ಕೆಡಿಸಿದ ವಿಷಯ. ಸೀಕ್ವೆನ್ಸನ್ನು ಪ್ರೋಟೀನಿಗೆ ಅನುವಾದ ಮಾಡಿ ನೋಡಿದರೆ ಮೂರೂ ಫ್ರೇಮ್‌ನಲ್ಲಿ (ಮೂರು ಮೂರು ಅಕ್ಷರ ಓದಲು ಎಲ್ಲಿಂದ ಶುರು ಅನ್ನುವುದು) ನಡುನಡುವೆ ನಕ್ಷತ್ರ, ಅಂದರೆ ಪ್ರೋಟೀನ್ ಇಲ್ಲಿಗೆ ಮುಗಿಯಿತು ಅನ್ನುವ ಮೂರಕ್ಷರ, ಸ್ಟಾಪ್ ಕೋಡಾನ್. ಜೀನೇ ತಪ್ಪು ಅಂದುಕೊಂಡು ಗೈಡ್ ಹತ್ತಿರ ಅಳುಮುಖ ಮಾಡಿಕೊಂಡು ಹೋದೆ. ತಪ್ಪಿದ್ದು ಜೀನ್ ಅಲ್ಲ, ನಾನು ಆರಿಸಿದ ಕೋಡ್ ಟೇಬಲ್, ಅಂದರೆ ಯಾವ ಮೂರಕ್ಷರಕ್ಕೆ ಯಾವ ಅಮೈನೋ ಆಮ್ಲ ಅನ್ನುವ ಪಟ್ಟಿ. ಸಿಒಐ ಇರುವುದು ಮೈಟೋಕಾಂಡ್ರಿಯಾದಲ್ಲಿ. ಅಲ್ಲಿ ಟಿಜಿಎ ಅಂದರೆ ಸ್ಟಾಪ್ ಅಲ್ಲ, ಟ್ರಿಪ್ಟೊಫಾನ್ ಅನ್ನುವ ಅಮೈನೋ ಆಮ್ಲ. ಮೆಗಾದಲ್ಲಿ ಜೆನೆಟಿಕ್ ಕೋಡ್ ಕೇಳಿದಾಗ ಸ್ಟ್ಯಾಂಡರ್ಡ್ ಬಿಟ್ಟು ವರ್ಟಿಬ್ರೇಟ್ ಮೈಟೋಕಾಂಡ್ರಿಯಲ್ ಹಾಕಿ. ಒಂದು ಫ್ರೇಮ್ ನಕ್ಷತ್ರವಿಲ್ಲದೆ ಸಲೀಸಾಗಿ ಓದಿಸಿಕೊಳ್ಳಬೇಕು. ಆಮೇಲೂ ನಕ್ಷತ್ರ ಉಳಿದರೆ ಆ ಜಾಗದ ಪೀಕ್ ಮತ್ತೆ ನೋಡಿ. ಸಾಮಾನ್ಯವಾಗಿ ಒಂದು ಬೇಸ್ ಜಾಸ್ತಿ ಅಥವಾ ಕಡಿಮೆ ಓದಿರುತ್ತದೆ. ಅದೂ ಅಲ್ಲ ಅಂದರೆ, ನ್ಯೂಕ್ಲಿಯಸ್‌ಗೆ ಸೇರಿಕೊಂಡ ಸಿಒಐನ ಹಳೇ ನಕಲನ್ನು ಹಿಡಿದಿದ್ದೀರೋ ಏನೋ.

ಉತ್ತರ: ಲಿನಕ್ಸ್ ಬಳಸುವವರು

ಸರ್, ಇನ್ನೂ ಬಯೋಎಡಿಟ್‌ನಲ್ಲೇ ಇದ್ದೀರಾ! ಅದು ವಿಂಡೋಸ್ ಬಿಟ್ಟು ಬೇರೆಲ್ಲೂ ಕೂರುವುದಿಲ್ಲ. ಯೂಜೀನ್ ನೋಡಿ. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಎಬಿ1 ಫೈಲ್‌ಗಳನ್ನೆಲ್ಲ ಒಟ್ಟಿಗೆ ಕೊಟ್ಟು, ಗೊತ್ತಿರುವ ಒಂದು ಸೀಕ್ವೆನ್ಸ್ ಕೆಳಗೆ ಜೋಡಿಸಿ ಅಂದರೆ, ರಿವರ್ಸ್ ಇರುವುದನ್ನು ಅದೇ ತಿರುಗಿಸಿಕೊಳ್ಳುತ್ತದೆ. ಪೀಕ್ ನೋಡುವುದು ಮಾತ್ರ ನಮ್ಮ ಕೆಲಸವೇ, ಅದನ್ನು ಒಪ್ಪುತ್ತೇನೆ.

ಉತ್ತರ: ಧಾರವಾಡದಿಂದ

ನಾನು ಫೈಲ್ ಹೆಸರಲ್ಲಿ ಎಡವಿದವನು. ಡೆಸ್ಕ್‌ಟಾಪ್ ಮೇಲೆ ‘ಮೀನು ಪ್ರಾಜೆಕ್ಟ್’ ಅಂತ ಕನ್ನಡದಲ್ಲೇ ಫೋಲ್ಡರ್ ಮಾಡಿದ್ದೆ. ಹಳೆಯ ಪ್ರೋಗ್ರಾಮ್ ಒಂದು ಫೈಲ್ ಸಿಗುತ್ತಿಲ್ಲ ಅಂತ ಒಂದೇ ಹಟ. ಅಭಿಮಾನ ಬದಿಗಿಟ್ಟು, ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಹೆಸರು ಕೊಟ್ಟೆ. ಆಗ ತೆರೆಯಿತು.

ಫಾಸ್ಟಾ ಫೈಲ್ (ಮೇಲೆ ಹೆಸರು, ಕೆಳಗೆ ಸೀಕ್ವೆನ್ಸ್ ಇರುವ ಟೆಕ್ಸ್ಟ್ ಫೈಲ್) ಒಳಗೂ ಇದೇ ಕಥೆ. ‘ಪುಂಟಿಯಸ್ 1’, ‘ಪುಂಟಿಯಸ್ 2’ ಅಂತ ಬರೆದರೆ, ಎಷ್ಟೋ ಪ್ರೋಗ್ರಾಮ್‌ಗಳು ಖಾಲಿ ಜಾಗದ ತನಕ ಮಾತ್ರ ಹೆಸರು ಓದುತ್ತವೆ. ಆಗ ಎಲ್ಲ ಮೀನೂ ಬರೀ ಪುಂಟಿಯಸ್. ನಡುವೆ ಅಂಡರ್‌ಸ್ಕೋರ್ ಹಾಕಿ. ವರ್ಡ್‌ನಲ್ಲಿ ಅಂತೂ ತೆರೆಯಲೇಬೇಡಿ, ನೋಟ್‌ಪ್ಯಾಡ್ ಸಾಕು. ಮತ್ತೆ, ಮೂಲ 12 ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ಬೇರೆ ಇಡಿ. ಕತ್ತರಿಸುವುದೆಲ್ಲ ನಕಲಿನ ಮೇಲೆ ಮಾತ್ರ.

ಉತ್ತರ: ಪ್ರೋಟೀನ್ ಕೆಲಸದವರು

ನಿಮ್ಮ ಪ್ರಶ್ನೆಗೆ ನೇರ ಉತ್ತರ ಅಲ್ಲ ಇದು, ಆದರೂ ಮುಂದೆ ಕ್ಲೋನಿಂಗ್‌ಗೆ ಬರುವವರಿಗೆ ಇರಲಿ. ಪಿಇಟಿ-22ಬಿ ವೆಕ್ಟರ್‌ನಲ್ಲಿ (ಬ್ಯಾಕ್ಟೀರಿಯಾದೊಳಗೆ ಪ್ರೋಟೀನ್ ಮಾಡಿಸಲು ಬಳಸುವ ಡಿಎನ್‌ಎ ಉಂಗುರ) ಒಂದು ಜೀನ್ ಕೂರಿಸಿದ್ದೆ. ಪ್ರೋಟೀನ್ ಬಾಲಕ್ಕೆ ಆರು ಹಿಸ್ಟಿಡಿನ್‌ನ ಟ್ಯಾಗ್ ಬರಬೇಕಿತ್ತು. ಜೆಲ್‌ನಲ್ಲಿ ಬ್ಯಾಂಡ್ ದಪ್ಪಗೆ ಕಾಣುತ್ತದೆ, ಆ ಟ್ಯಾಗನ್ನು ಹಿಡಿಯಬೇಕಾದ ನಿಕಲ್ ಕಾಲಮ್‌ಗೆ ಮಾತ್ರ ಅಂಟುವುದೇ ಇಲ್ಲ. ಮೂರು ವಾರ ಬಫರ್ ಬದಲಿಸಿದೆ. ಕೊನೆಗೆ ಸ್ನ್ಯಾಪ್‌ಜೀನ್ ವ್ಯೂವರ್‌ನಲ್ಲಿ (ಅದೂ ಉಚಿತ) ಸೀಕ್ವೆನ್ಸ್ ತೆರೆದು ಅನುವಾದ ನೋಡಿದರೆ, ಟ್ಯಾಗ್‌ಗೆ ಮುಂಚೆಯೇ ಟಿಎಎ ಕೂತಿದೆ. ರಿವರ್ಸ್ ಪ್ರೈಮರ್‌ನಲ್ಲಿ ಜೀನಿನ ಸ್ವಂತ ಸ್ಟಾಪ್ ಕೋಡಾನ್ ತೆಗೆಯದೆ ಬಿಟ್ಟಿದ್ದೆ. ಪ್ರೈಮರ್ ಆರ್ಡರ್ ಮಾಡುವ ಮುಂಚೆ ಐದು ನಿಮಿಷ ಕೊಟ್ಟಿದ್ದರೆ ಆಗಿತ್ತು, ಅಲ್ವಾ?

ಕೇಳಿದವರೇ ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಬಯೋಎಡಿಟ್, ಮೆಗಾ ಎರಡನ್ನೂ ಇಳಿಸಿಕೊಂಡೆ. ಐದು ಮೀನು ಚೆನ್ನಾಗಿವೆ, ಕೋಡ್ ಬದಲಿಸಿದ ಮೇಲೆ ನಕ್ಷತ್ರ ಎಲ್ಲ ಹೋದವು. ನಾಲ್ಕನೇ ಮೀನಿನಲ್ಲಿ ಮಾತ್ರ ಮೊದಲಿಂದ ಕೊನೆತನಕ ಜೋಡಿ ಪೀಕ್, ಕೆಂಪಿನ ಕೆಳಗೆ ನೀಲಿ, ಹಸಿರಿನ ಕೆಳಗೆ ಕಪ್ಪು. ಇದನ್ನು ಸರಿಮಾಡುವ ಸಾಫ್ಟ್‌ವೇರ್ ಇದೆಯಾ?

ಉತ್ತರ: ಮೀನಿನ ಬಾರ್‌ಕೋಡಿಂಗ್ ಮಾಡಿದವರು

ಫಾರ್ವರ್ಡ್‌ನಲ್ಲಿ ಮಾತ್ರವೋ, ಎರಡರಲ್ಲೂ ಹಾಗೆಯೋ? ಒಂದರಲ್ಲಿ ಮಾತ್ರ ಇದ್ದರೆ ಆ ಒಂದು ರಿಯಾಕ್ಷನ್ ಇನ್ನೊಮ್ಮೆ ಮಾಡಿಸಿ. ಎರಡರಲ್ಲೂ ಇದ್ದರೆ ಟ್ಯೂಬ್‌ನಲ್ಲೇ ಎರಡು ಮೀನಿನ ಡಿಎನ್‌ಎ ಬೆರೆತಿರಬಹುದು. ಸಾಫ್ಟ್‌ವೇರ್ ಏನು ಮಾಡೀತು? ಫಿನ್ (ಈಜುರೆಕ್ಕೆ) ಕತ್ತರಿಸುವಾಗ ಮೀನಿಂದ ಮೀನಿಗೆ ಕತ್ತರಿ ಒರೆಸಿದ್ದಿರಾ?

ಕೇಳಿದವರೇ ಮತ್ತೆ

ಎರಡರಲ್ಲೂ ಇದೆ ಸರ್. ಕತ್ತರಿ... ಆವತ್ತು ಮಳೆ ಬರುತ್ತಿತ್ತು. ಮೀನು ಇನ್ನೂ ಆಲ್ಕೋಹಾಲ್‌ನಲ್ಲಿದೆ. ಸೋಮವಾರ ಹೊಸ ತುಂಡು ತೆಗೆಯುತ್ತೇನೆ.